ಟ್ರ್ಯಾಕ್ಟರಿನ ಓಟವೂ ನನ್ನ ಪಾಠವೂ

(ಒಬ್ಬ ಹಳೆಯ ವಿದ್ಯಾರ್ಥಿ)

'ನಿಧಾನವೇ ಪ್ರಧಾನ' ಎಂಬ ಗಾದೆಯನ್ನು ಕಾಪಿ ಪುಸ್ತಕದಲ್ಲಿ ಬರೆಯದವರು ನಮ್ಮಲ್ಲಿ ಯಾರೂ ಇರಲಾರರು. ನಾನೂ ಹಾಳೆಗಟ್ಟಲೆ ಬರೆದಿದ್ದೇನೆ. ಅಕ್ಷರ ದುಂಡಗಾಯಿತು, ಆದರೆ ಗಾದೆಯ ಅರ್ಥ ತಲೆಗೆ ಹತ್ತಲು ನನಗೆ ಒಂದು ಹಳೆಯ ಟ್ರ್ಯಾಕ್ಟರೂ ನನ್ನ ತಮ್ಮನ ಒಂದು ಕೈಯೂ ಬೇಕಾದವು. ಶಾಲೆಯ ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಮುಖ್ಯೋಪಾಧ್ಯಾಯರು ಕೇಳಿದಾಗ, ಬಹಳ ದಿನಗಳಿಂದ ಮನಸ್ಸಿನಲ್ಲೇ ಇದ್ದ ಆ ಸಂಗತಿಯನ್ನೇ ಬರೆಯೋಣವೆಂದು ಕುಳಿತಿದ್ದೇನೆ.

ಇದಕ್ಕೆ ನೆಪವಾದದ್ದು ಗುಮಟಾಪುರದ ಗೊರೆಹಬ್ಬ. ದೀಪಾವಳಿಯ ಬೆನ್ನಿಗೇ ಬರುವ ಆ ಹಬ್ಬವನ್ನು ನಮ್ಮ ತಾಳವಾಡಿ ಸೀಮೆಯವರಿಗೆ ನಾನು ಪರಿಚಯಿಸಬೇಕಾಗಿಲ್ಲ. ಮನೆಮನೆಯ ಕೊಟ್ಟಿಗೆಯಿಂದ ಸಗಣಿಯನ್ನು ಟ್ರ್ಯಾಕ್ಟರುಗಳಲ್ಲಿ ತುಂಬಿ ತಂದು, ಬೀರೇಶ್ವರನ ಗುಡಿಯ ಬಳಿ ರಾಶಿ ಹಾಕಿ, ಪೂಜೆಯಾದ ಮೇಲೆ ಊರ ಗಂಡಸರೆಲ್ಲ ಅದನ್ನು ಉಂಡೆಮಾಡಿ ಒಬ್ಬರಿಗೊಬ್ಬರು ಎರಚಾಡುತ್ತಾರೆ. ಕೆಲವು ವರ್ಷಗಳ ಹಿಂದೆ ಆ ಹಬ್ಬಕ್ಕೆ ಹೋಗಿದ್ದಾಗ, ಸಾಲಾಗಿ ನಿಂತ ಟ್ರ್ಯಾಕ್ಟರುಗಳ ಮುಂದೆ ನಮ್ಮ ಶಾಲೆಯ ನಾಲ್ಕಾರು ಹುಡುಗರು ಗಂಭೀರವಾದ ಚರ್ಚೆಯಲ್ಲಿ ತೊಡಗಿದ್ದರು. "ನಿಮ್ಮದು ಎಷ್ಟು ಓಡುತ್ತೆ?" "ನಮ್ಮದು ಮೂವತ್ತರ ಮೇಲೆ." "ಹೋಗ್ಲಾ, ನಮ್ಮ ಚಿಕ್ಕಪ್ಪಂದು ಮೂವತ್ತೈದು!" ಅವರಲ್ಲೊಬ್ಬ ನನ್ನ ಕಡೆ ತಿರುಗಿ, "ಸಾರ್, ಹಳೇ ಮ್ಯಾಸಿ ಓಡೋದಾ, ಹಳೇ ಮಹೀಂದ್ರ ಓಡೋದಾ?" ಎಂದು ಕೇಳಿದ. ನನಗೆ ಎದೆ ಧಸಕ್ಕೆಂದಿತು. ಏಕೆಂದರೆ ಇದೇ ಪ್ರಶ್ನೆಯನ್ನು 1985ರಲ್ಲಿ, ಹತ್ತನೆಯ ತರಗತಿಯ ಹುಡುಗನಾಗಿದ್ದಾಗ, ನಾನೇ ಕೇಳಿದ್ದೆ.

ಆ ಕಾಲದಲ್ಲಿ ನಮ್ಮ ಸೀಮೆಯಲ್ಲಿ ಟ್ರ್ಯಾಕ್ಟರುಗಳು ಬೆರಳೆಣಿಕೆಯಷ್ಟು. ಉಳುಮೆಯೆಲ್ಲ ಎತ್ತುಗಳದೇ. ನಮ್ಮಪ್ಪನೂ ದೊಡ್ಡಪ್ಪನೂ ಸೇರಿ, ಒಂದಿಷ್ಟು ಸಾಲ, ಒಂದಿಷ್ಟು ಆಲೂಗೆಡ್ಡೆಯ ಹಣ ಕೂಡಿಸಿ, ಗೋಬಿಚೆಟ್ಟಿಪಾಳ್ಯದ ಕಡೆಯಿಂದ ಕೈಬದಲಾದ ಒಂದು ಮ್ಯಾಸಿ ಫರ್ಗುಸನ್ 1035 ಟ್ರ್ಯಾಕ್ಟರನ್ನು ಕೊಂಡರು. 1960ರಲ್ಲಿ ಮದರಾಸಿನಲ್ಲಿ ಸ್ಥಾಪನೆಯಾದ ಟಾಫೆ ಕಂಪನಿಯು ಇಂಗ್ಲೆಂಡಿನ ಮ್ಯಾಸಿ ಫರ್ಗುಸನ್ 35ರ ಮಾದರಿಯನ್ನು ಅನುಸರಿಸಿ ತಯಾರಿಸಿದ ಗಾಡಿ ಅದು. ಮೂರು ಸಿಲಿಂಡರಿನ ಸಿಂಪ್ಸನ್ ಎಂಜಿನ್, ಮೂವತ್ತೈದು ಕುದುರೆ ಶಕ್ತಿ, ಕೆಂಪು ಬಣ್ಣ. ದೊಡ್ಡಪ್ಪ ಅದನ್ನು ಸತ್ಯಮಂಗಲ, ಬಣ್ಣಾರಿಯ ಮೇಲೆ ದಿಂಬಂ ಘಟ್ಟದ ಇಪ್ಪತ್ತೇಳು ತಿರುವುಗಳನ್ನು ಹತ್ತಿಸಿ, ಹಾಸನೂರಿನ ಕಾಡು ದಾಟಿಸಿ ಊರಿಗೆ ತಂದರು. ಅಮ್ಮ ಆರತಿ ಎತ್ತಿದರು. ಚಕ್ರಕ್ಕೆ ನಿಂಬೆಹಣ್ಣು ಇಟ್ಟಾಯಿತು. ದೊಡ್ಡಪ್ಪ ಕೆಳಗಿಳಿದು ಮೊದಲು ಆಡಿದ ಮಾತು ಇದು: "ಇಪ್ಪತ್ತೇಳು ತಿರುವಿಗೂ ಒಂದೇ ಗೇರು ಕನಪ್ಪ. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು. ಇದನ್ನ ಮರೆತವನು ಘಟ್ಟದಲ್ಲಿ ಉಳಿಯೋದಿಲ್ಲ." ಆ ಮಾತು ನನ್ನ ಕಿವಿಗೆ ಬಿತ್ತು, ಆದರೆ ಮನಸ್ಸಿಗೆ ಇಳಿಯಲಿಲ್ಲ.

ನಮ್ಮ ಸೋದರಮಾವನ ಮನೆಯಲ್ಲಿ ಬೇರೊಂದು ಗಾಡಿಯಿತ್ತು: ಮಹೀಂದ್ರ ಬಿ-275. 1963ರಲ್ಲಿ ಮಹೀಂದ್ರ ಸಂಸ್ಥೆಯು ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಜೊತೆ ಸೇರಿ ಬೊಂಬಾಯಿಯಲ್ಲಿ ಆರಂಭಿಸಿದ ಕಾರ್ಖಾನೆಯ ಕೂಸು ಅದು. ನಾಲ್ಕು ಸಿಲಿಂಡರ್, ಶಕ್ತಿ ಹೆಚ್ಚುಕಡಿಮೆ ನಮ್ಮದರಷ್ಟೇ. ಆದರೆ ನಮ್ಮ ಮ್ಯಾಸಿಗೆ ಮುಂದಕ್ಕೆ ಆರು ಗೇರು, ಅವರ ಗಾಡಿಗೆ ಎಂಟು. ಮಾವನ ಮಗ ನನ್ನ ವಯಸ್ಸಿನವನೇ, ನನ್ನ ಬೆಂಚಿನವನೇ. "ನಿಮ್ಮದು ಆರು, ನಮ್ಮದು ಎಂಟು. ಎಂಟು ಇರೋದು ತಾನೇ ಜಾಸ್ತಿ ಓಡೋದು?" ಎಂದು ದಿನವೂ ಹಂಗಿಸುತ್ತಿದ್ದ. ಉತ್ತರ ಹೇಳಲಾಗದೆ ನಾನು ಒಳಗೊಳಗೇ ಕುದಿಯುತ್ತಿದ್ದೆ.

ಈ ಜಗಳ ಕೊನೆಗೆ ನಮ್ಮ ವಿಜ್ಞಾನದ ಮೇಷ್ಟರ ಮುಂದೆ ಬಂತು. ಅವರು ನಗಲಿಲ್ಲ, ಗದರಲಿಲ್ಲ. "ಬಾಯಲ್ಲಿ ಓಡಿಸಬೇಡಿ, ಅಳೆಯಿರಿ" ಎಂದರು. ಅಳೆಯುವುದು ಹೇಗೆಂದು ಕೇಳಿದೆವು. ಎರಡು ಕಿಲೋಮೀಟರ್ ಕಲ್ಲುಗಳ ನಡುವೆ ಸಮನಾದ ರಸ್ತೆ ಆರಿಸಿಕೊಳ್ಳಬೇಕು, ಟ್ರೈಲರ್ ಕಳಚಿರಬೇಕು, ದೊಡ್ಡವರೇ ಓಡಿಸಬೇಕು, ಗಾಡಿ ಮೊದಲೇ ಪೂರ್ಣ ವೇಗಕ್ಕೆ ಬಂದಿರಬೇಕು, ಕಲ್ಲಿನಿಂದ ಕಲ್ಲಿಗೆ ಎಷ್ಟು ಸೆಕೆಂಡು ಎಂದು ನೋಡಬೇಕು. ಮೂರು ಸಾವಿರದ ಆರುನೂರನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಎಂಬುದು ಬರುತ್ತದೆ. ತಮ್ಮ ಎಚ್.ಎಂ.ಟಿ. ಕೈಗಡಿಯಾರವನ್ನೇ ಬಿಚ್ಚಿ ಕೊಟ್ಟರು. ಬೆಂಗಳೂರಿನಲ್ಲಿ ಗಡಿಯಾರ ಮಾಡುತ್ತಿದ್ದ ಆ ಎಚ್.ಎಂ.ಟಿ. ಸಂಸ್ಥೆಯೇ 1971ರಿಂದ ಹರಿಯಾಣದ ಪಿಂಜೋರಿನಲ್ಲಿ, ಜೆಕೊಸ್ಲೊವಾಕಿಯದ ಜೆಟರ್ ಮಾದರಿಯ ಟ್ರ್ಯಾಕ್ಟರನ್ನೂ ತಯಾರಿಸುತ್ತಿತ್ತೆಂದು ಅವರಿಂದಲೇ ಅಂದು ತಿಳಿದೆವು. (ಆ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು.)

ಒಂದು ಭಾನುವಾರ ಅಪ್ಪನನ್ನೂ ಮಾವನನ್ನೂ ಕಾಡಿ ಬೇಡಿ ಒಪ್ಪಿಸಿದೆವು. ನಮ್ಮ ಮ್ಯಾಸಿ ಒಂದು ಕಿಲೋಮೀಟರನ್ನು 160 ಸೆಕೆಂಡಿನಲ್ಲಿ ಓಡಿತು. ಮಾವನ ಗಾಡಿ 154 ಸೆಕೆಂಡು ತೆಗೆದುಕೊಂಡಿತು. ಲೆಕ್ಕ ಹಾಕಿದರೆ ನಮ್ಮದು ಗಂಟೆಗೆ 22.5 ಕಿಲೋಮೀಟರ್, ಅವರದು 23.4. ಆರು ಸೆಕೆಂಡಿನಿಂದ ನಾನು ಸೋತಿದ್ದೆ. ಮಾವನ ಮಗ ರಸ್ತೆಯಲ್ಲೇ ಕುಣಿದ.

ಮರುದಿನ ಮೇಷ್ಟರು ಇನ್ನೊಂದು ಕೆಲಸ ಕೊಟ್ಟರು. ಹಿಂದಿನ ದೊಡ್ಡ ಚಕ್ರದ ಮೇಲೆ ಸುಣ್ಣದ ಗುರುತು ಹಾಕಿ, ನೆಲದ ಮೇಲೂ ಗುರುತು ಹಾಕಿ, ಚಕ್ರ ಒಂದು ಸುತ್ತು ತಿರುಗಿದರೆ ಗಾಡಿ ಎಷ್ಟು ದೂರ ಹೋಗುತ್ತದೆಂದು ಅಳೆಯಿರಿ ಎಂದರು. ನಮ್ಮ ಚಕ್ರ ಸುತ್ತಿಗೆ 3 ಮೀಟರ್ 70 ಸೆಂಟಿಮೀಟರ್ ಹೋಯಿತು. ಮಾವನದು 3 ಮೀಟರ್ 85. ಎರಡಕ್ಕೂ ಒಂದೇ ಅಳತೆಯ ಟೈರು. ಆದರೆ ಅವರದು ಆ ವರ್ಷ ಹಾಕಿಸಿದ ಹೊಸ ಟೈರು, ನಮ್ಮದು ಸವೆದು ಹಲ್ಲುದುರಿದ ಮುದುಕನಂತಿತ್ತು. ಟೈರು ಸುಮಾರು ಒಂದು ಅಂಗುಲ ಸವೆದರೆ ಪ್ರತಿ ಸುತ್ತಿಗೆ 15 ಸೆಂಟಿಮೀಟರ್ ನಷ್ಟ. ಅಂದರೆ ನೂರಕ್ಕೆ ನಾಲ್ಕು ಪಾಲು. 22.5ಕ್ಕೆ ನೂರಕ್ಕೆ ನಾಲ್ಕು ಸೇರಿಸಿದರೆ ಎಷ್ಟು? ಸರಿಯಾಗಿ 23.4! ಮೇಷ್ಟರು ಹೇಳಿದರು: "ನೀವು ಪಂದ್ಯ ನಡೆಸಿದ್ದು ಎರಡು ಟ್ರ್ಯಾಕ್ಟರಿಗಲ್ಲ, ಎರಡು ಟೈರಿಗೆ. ರಬ್ಬರು ಒಂದಂಗುಲ ಸವೆದರೇ ಇಷ್ಟು ಅಂತರ ಬರುವುದಾದರೆ, ಆರು ಸೆಕೆಂಡು ನೋಡಿ ಯಾವ ಯಂತ್ರ ದೊಡ್ಡದೆಂದು ಹೇಳಲು ಬರುವುದಿಲ್ಲ."

ಈ ಮಾತಿನಿಂದ ನಾನು ಅಂದೇ ತೃಪ್ತನಾಗಿದ್ದರೆ ಈ ಲೇಖನ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ. ಆದರೆ ಹದಿನೈದರ ವಯಸ್ಸು ಲೆಕ್ಕದಿಂದ ತಣಿಯುವುದಿಲ್ಲ. ಒಂದು ದಿನವಾದರೂ ಮಾವನ ಗಾಡಿಯನ್ನು ಹಿಂದೆ ಹಾಕಬೇಕೆಂಬ ಹಟ ಒಳಗೇ ಉಳಿಯಿತು.

ಮಳೆಗಾಲಕ್ಕೆ ಮುಂಚೆ ಗೊಬ್ಬರ ತರಲು ಎರಡೂ ಟ್ರ್ಯಾಕ್ಟರುಗಳು ಚಾಮರಾಜನಗರಕ್ಕೆ ಹೋಗಿದ್ದವು. ಚಾಮರಾಜನಗರ ಆಗ ಮೈಸೂರು ಜಿಲ್ಲೆಗೆ ಸೇರಿತ್ತು. ನಾವು ಪೆರಿಯಾರ್ ಜಿಲ್ಲೆಯವರು. ಜಿಲ್ಲೆ, ರಾಜ್ಯ ಬೇರೆಯಾದರೂ ನಮ್ಮ ಸಂತೆ, ನಮ್ಮ ನೆಂಟಸ್ತನ, ನಮ್ಮ ಮೆಕ್ಯಾನಿಕ್ ಎಲ್ಲವೂ ಅಲ್ಲೇ. ಅಪ್ಪನ ಜೊತೆ ನಾನೂ, ಏಳನೆಯ ತರಗತಿಯಲ್ಲಿದ್ದ ತಮ್ಮನೂ ಹೋಗಿದ್ದೆವು. ಹಿಂತಿರುಗುವಾಗ ಟ್ರೈಲರಿನಲ್ಲಿ ನಲವತ್ತು ಮೂಟೆ, ಅಂದರೆ ಎರಡು ಟನ್ ಗೊಬ್ಬರ. ಊರು ಇನ್ನೆರಡು ಮೈಲಿ ಇರುವಾಗ ಅಪ್ಪ ಒಬ್ಬ ನೆಂಟರ ಹೊಲದ ಬಳಿ ಇಳಿಯಬೇಕಾಯಿತು. ನಾನು ಹೊಲದಲ್ಲಿ ಆಗಲೇ ಟ್ರ್ಯಾಕ್ಟರ್ ಓಡಿಸುತ್ತಿದ್ದೆ. ಅಪ್ಪ ಒಂದು ಕ್ಷಣ ಯೋಚಿಸಿ, "ಮೊಗ, ಮಾವನ ಹಿಂದೇನೇ ನಿಧಾನಕ್ಕೆ ಹೋಗು" ಎಂದು ಸ್ಟೀರಿಂಗ್ ಕೊಟ್ಟರು. ತಮ್ಮ ಎಡಗಡೆಯ ಮಡ್‌ಗಾರ್ಡಿನ ಮೇಲೆ ಕುಳಿತಿದ್ದ.

ಊರ ಮುಂದೆ ಒಂದು ಇಳಿಜಾರಿದೆ. ಮಾವ ಅದರ ತಲೆಯಲ್ಲಿ ನಿಲ್ಲಿಸಿ, ಕೆಳಗಿನ ಗೇರು ಹಾಕಿಕೊಂಡು ಇಳಿಯತೊಡಗಿದರು. ನನಗೆ ಅದೇ ಸಮಯವೆನಿಸಿತು. ಗೇರಿನಲ್ಲಿದ್ದರೆ ಎಂಜಿನ್ ಬಿಡುವಷ್ಟು ವೇಗವೇ ಹೊರತು ಅದಕ್ಕಿಂತ ಹೆಚ್ಚಿಲ್ಲ. ನ್ಯೂಟ್ರಲ್ ಮಾಡಿದರೆ ಗಾಡಿಯನ್ನು ಯಾರು ಹಿಡಿಯುತ್ತಾರೆ? ಕ್ಲಚ್ ತುಳಿದು ಗೇರನ್ನು ಹೊರಕ್ಕೆಳೆದೆ.

ಮೊದಲು ಎಂತಹ ಆನಂದ! ಎಂಜಿನ್ನಿನ ಗದ್ದಲ ತಗ್ಗಿತು, ಗಾಳಿ ಮುಖಕ್ಕೆ ಹೊಡೆಯಿತು, ಮಾವನ ಗಾಡಿ ಪಕ್ಕಕ್ಕೆ ಬಂತು, ಹಿಂದಕ್ಕೆ ಹೋಯಿತು. ತಮ್ಮ ಕೇಕೆ ಹಾಕಿದ. ಮಾವ ಕೈಬೀಸಿ ಏನೋ ಕೂಗಿದ್ದು ಕಂಡಿತು, ಕೇಳಲಿಲ್ಲ. ಮರುಗಳಿಗೆಯಲ್ಲೇ ಹಿಂದಿನಿಂದ ಎರಡು ಟನ್ನಿನ ಟ್ರೈಲರು ನೂಕತೊಡಗಿತು. ಸ್ಟೀರಿಂಗ್ ಹಗುರವಾಯಿತು. ಹೆದರಿ ಮತ್ತೆ ಗೇರು ಹಾಕಲು ಹೋದೆ. ಕರಕರ ಎಂದು ಕಬ್ಬಿಣ ಕಿರುಚಿತೇ ಹೊರತು ಗೇರು ಬೀಳಲಿಲ್ಲ. ಜೋರಾಗಿ ತುರುಕಿದೆ; ಒಳಗೆ ಏನೋ ಟಪ್ಪೆಂದಿತು. ಕೊನೆಗೆ ಬ್ರೇಕ್ ತುಳಿದೆ.

ಟ್ರ್ಯಾಕ್ಟರಿಗೆ ಬ್ರೇಕ್ ಪೆಡಲು ಒಂದಲ್ಲ, ಎರಡು: ಬಲ ಚಕ್ರಕ್ಕೊಂದು, ಎಡ ಚಕ್ರಕ್ಕೊಂದು. ಉಳುವಾಗ ಸಾಲಿನ ತುದಿಯಲ್ಲಿ ಒಂದೇ ಪೆಡಲು ತುಳಿದರೆ ಗಾಡಿ ಗಕ್ಕನೆ ಆ ಕಡೆಗೆ ತಿರುಗಲೆಂದು ಈ ಏರ್ಪಾಡು. ರಸ್ತೆಗೆ ಬಂದಾಗ ಎರಡನ್ನೂ ಕೊಂಡಿ ಹಾಕಿ ಒಂದು ಮಾಡಬೇಕು. ಹಿಂದಿನ ದಿನ ಉಳುಮೆ ಮಾಡಿದ್ದರಿಂದ ಕೊಂಡಿ ತೆರೆದೇ ಇತ್ತು. ಅಪ್ಪನ ಅಗಲವಾದ ಪಾದ ಎರಡನ್ನೂ ಒಟ್ಟಿಗೇ ತುಳಿಯುತ್ತಿತ್ತು. ನನ್ನ ಪಾದ ತುಳಿದದ್ದು ಬಲಗಡೆಯದನ್ನು ಮಾತ್ರ. 'ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು' ಎಂಬಂತೆ ಟ್ರ್ಯಾಕ್ಟರು ಬಲಕ್ಕೆ ತಿರುಗಿತು, ಟ್ರೈಲರು ನೇರಕ್ಕೆ ನೂಕಿತು. ತಮ್ಮ ಎಡಕ್ಕೆ ಹಾರಿಬಿದ್ದ. ಗಾಡಿ ರಸ್ತೆಯಾಚೆಯ ಮಣ್ಣಿನ ದಿಬ್ಬಕ್ಕೆ ಮೂತಿ ಹೊಡೆದು ನಿಂತಿತು. ಟ್ರೈಲರಿನ ಚಕ್ರ ತಮ್ಮನ ತಲೆಯಿಂದ ಒಂದು ಗೇಣು ದೂರದಲ್ಲಿ ಹಾದುಹೋಗಿತ್ತು. ಆ ಗುರುತನ್ನು ನಾನು ಧೂಳಿನಲ್ಲಿ ಕಂಡೆ. ಈಗಲೂ ಕಣ್ಣು ಮುಚ್ಚಿದರೆ ಕಾಣುತ್ತದೆ.

ತಮ್ಮನ ಬಲ ಮೊಣಕೈ ಮುರಿದಿತ್ತು. ಮಾವ ಅವನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. ಊರವರೆಲ್ಲ ಏನಾಯಿತೆಂದು ಕೇಳಿದಾಗ ನಾನು ಬಾಯಿ ಬಿಡುವ ಮೊದಲೇ ತಮ್ಮ ನೋವಿನಲ್ಲೂ, "ಬ್ರೇಕ್ ಹಿಡೀಲಿಲ್ಲ" ಎಂದುಬಿಟ್ಟ. ನಾನು ಸುಮ್ಮನಿದ್ದೆ. ಬೇಕೆಂದೇ ನ್ಯೂಟ್ರಲ್ ಮಾಡಿದ್ದು ನಮ್ಮಿಬ್ಬರಿಗೆ ಮಾತ್ರ ಗೊತ್ತು. ಮಾವ ಏನಾದರೂ ಊಹಿಸಿದ್ದರೋ ಏನೋ, ಅವರೂ ಹೇಳಲಿಲ್ಲ. ಆ ಎರಡು ವಾರ ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ಆಮೇಲೆ ಚಾಮರಾಜನಗರದಿಂದ ಮೆಕ್ಯಾನಿಕ್ ಬಂದರು. ವಯಸ್ಸಾದವರು, ಮಾತು ಕಡಿಮೆ. ಗೇರ್ ಪೆಟ್ಟಿಗೆಯ ಮೇಲಿನ ಮುಚ್ಚಳ ಬಿಚ್ಚಿ, ಎಣ್ಣೆಯಲ್ಲಿ ಕೈಯಾಡಿಸಿ, ಅಡಿಕೆ ಚೂರಿನಂತಹ ಎರಡು ಉಕ್ಕಿನ ತುಣುಕುಗಳನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡರು. "ಯಜಮಾನ್ರೆ, ಇದು ದಿಬ್ಬಕ್ಕೆ ಹೊಡೆದು ಮುರಿದ ಹಲ್ಲಲ್ಲ. ಇಳಿಜಾರಲ್ಲಿ ಯಾರೋ ನ್ಯೂಟ್ರಲ್ ಮಾಡಿ, ಓಡೋವಾಗ ಮತ್ತೆ ಗೇರು ತುರುಕವ್ರೆ" ಎಂದರು. ಅಪ್ಪ ನನ್ನ ಕಡೆ ನೋಡಿದರು. ಅಲ್ಲಿಯವರೆಗೆ ಯಾರೂ ಕೇಳದ ಪ್ರಶ್ನೆಗೆ ನಾನು ಅಲ್ಲೇ, ಸೀಮೆಎಣ್ಣೆಯ ಬಾಂಡಲಿಯ ಮುಂದೆ ಕುಳಿತು, ಅಳುತ್ತಾ ಉತ್ತರ ಹೇಳಿದೆ.

ಅಪ್ಪ ಹೊಡೆಯಲಿಲ್ಲ. ಬಹಳ ಹೊತ್ತಿನ ಮೇಲೆ, "ತಪ್ಪು ನಿಂದೊಬ್ಬಂದೇ ಅಲ್ಲ. ಸ್ಟೀರಿಂಗ್ ಕೊಟ್ಟೋನು ನಾನು, ಕೊಂಡಿ ಹಾಕದೆ ಬಿಟ್ಟೋನೂ ನಾನೇ" ಎಂದರು. ಆಮೇಲೆ ಮೆಕ್ಯಾನಿಕ್ಕಿಗೆ, "ಇವನ ಕೈಯಲ್ಲೇ ಒಂದೊಂದು ಹಲ್ಲೂ ತೊಳೆಸಿ. ಯಾವುದು ಏನು ಅಂತ ಹೇಳಿಕೊಡಿ" ಎಂದರು. ಆ ಮೂರು ದಿನಗಳಲ್ಲಿ ನಾನು ಕಲಿತದ್ದನ್ನು ನಿಮಗೆ ತಿಳಿಸಬೇಕೆಂಬುದೇ ಈ ಲೇಖನದ ಉದ್ದೇಶ.

ಎಂಜಿನ್ನಿನ ಶಕ್ತಿ ಚಕ್ರಕ್ಕೆ ನೇರವಾಗಿ ಹೋಗುವುದಿಲ್ಲ. ಮೊದಲು ಕ್ಲಚ್, ಆಮೇಲೆ ಗೇರ್ ಪೆಟ್ಟಿಗೆ, ಆಮೇಲೆ ಪಿನಿಯನ್ ಎಂಬ ಚಿಕ್ಕ ಹಲ್ಲುಗಾಲಿ, ಅದು ತಿರುಗಿಸುವ ಕ್ರೌನ್ ಎಂಬ ದೊಡ್ಡ ಹಲ್ಲುಗಾಲಿ, ಅದರ ನಡುವೆ ಡಿಫರೆನ್ಷಿಯಲ್, ಕೊನೆಗೆ ಆಕ್ಸಲ್, ಚಕ್ರ. ಹತ್ತು ಹಲ್ಲಿನ ಗಾಲಿ ನಲವತ್ತು ಹಲ್ಲಿನದನ್ನು ತಿರುಗಿಸಿದರೆ ವೇಗ ನಾಲ್ಕನೇ ಒಂದು ಪಾಲಾಗುತ್ತದೆ, ತಿರುಗಿಸುವ ಬಲ ನಾಲ್ಕರಷ್ಟಾಗುತ್ತದೆ. ಹಲ್ಲುಗಾಲಿಯ ವ್ಯಾಪಾರವೆಲ್ಲ ಇಷ್ಟೇ: ವೇಗ ಕೊಟ್ಟು ಬಲ ಕೊಳ್ಳುವುದು. ಎರಡನ್ನೂ ಒಟ್ಟಿಗೆ ಕೊಡುವ ಅಂಗಡಿ ಎಲ್ಲಿಯೂ ಇಲ್ಲ.

ಮ್ಯಾಸಿಯ ಪೆಟ್ಟಿಗೆಯಲ್ಲಿ ಮುಂದಕ್ಕೆ ಇರುವುದು ನಿಜವಾಗಿ ಮೂರೇ ಗೇರು. ಅದರ ಹಿಂದೆ ಒಂದು ವಿಚಿತ್ರವಾದ ಗಾಲಿಗೂಡು ಇದೆ: ನಡುವೆ 'ಸೂರ್ಯ' ಗಾಲಿ, ಅದನ್ನು ಸುತ್ತುವ 'ಗ್ರಹ' ಗಾಲಿಗಳು, ಹೊರಗೆ ಒಂದು ಬಳೆ. ಆ ಸಣ್ಣ ಲಿವರನ್ನು 'ಹೈ'ನಲ್ಲಿಟ್ಟರೆ ಗೂಡು ಸುಮ್ಮನಿರುತ್ತದೆ. 'ಲೋ'ನಲ್ಲಿಟ್ಟರೆ ವೇಗವನ್ನು ಸುಮಾರು ನಾಲ್ಕನೇ ಒಂದು ಪಾಲಿಗೆ ಇಳಿಸುತ್ತದೆ. ಮೂರೆರಡಲೆ ಆರು. ಮಾವನ ಬಿ-275ರಲ್ಲಿ ನಾಲ್ಕು ಗೇರು, ಅದಕ್ಕೂ ಹೈ, ಲೋ, ನಾಲ್ಕೆರಡಲೆ ಎಂಟು. ಅಂದರೆ ಎಂಟು ಗೇರು ಎಂದರೆ ಹೆಚ್ಚಿನ ಓಟವಲ್ಲ. ಅದೇ ಏಣಿಗೆ ಎರಡು ಮೆಟ್ಟಿಲು ಹೆಚ್ಚು, ಅಷ್ಟೆ. ಮೆಟ್ಟಿಲು ಹತ್ತಿರ ಹತ್ತಿರವಿದ್ದರೆ ಹೊಲದ ಮಣ್ಣಿಗೆ, ಕಟ್ಟಿದ ಸಾಮಾನಿಗೆ ತಕ್ಕ ವೇಗವನ್ನು ಆರಿಸಿಕೊಳ್ಳುವುದು ಸುಲಭ.

ಇನ್ನೊಂದು ವ್ಯತ್ಯಾಸವನ್ನೂ ಮೆಕ್ಯಾನಿಕ್ ತೋರಿಸಿದರು. ಮ್ಯಾಸಿಯಲ್ಲಿ ಕ್ರೌನಿನಿಂದ ಆಕ್ಸಲ್ ನೇರವಾಗಿ ಚಕ್ರಕ್ಕೆ ಹೋಗುತ್ತದೆ. ಬಿ-275ರಲ್ಲಿ ಕ್ರೌನಿನ ಆಚೆ 'ಬುಲ್ ಗೇರ್' ಎಂಬ ಇನ್ನೊಂದು ಜೊತೆ ಹಲ್ಲುಗಾಲಿಯಿದೆ. ವೇಗ ಇಳಿಸುವ ಕೆಲಸದ ಒಂದು ಪಾಲನ್ನು ಅದು ಕೊನೆಯಲ್ಲಿ ಮಾಡುತ್ತದೆ. ಮೊದಲನೆಯದರಲ್ಲಿ ಭಾಗಗಳು ಕಡಿಮೆ, ಭಾರ ಕಡಿಮೆ. ಎರಡನೆಯದರಲ್ಲಿ ಭಾಗಗಳು ಹೆಚ್ಚು, ಆದರೆ ಒಳಗಿನ ಕ್ರೌನು, ಪಿನಿಯನ್ನುಗಳ ಮೇಲೆ ಬೀಳುವ ಹೊರೆ ಕಡಿಮೆ. ಯಾವುದು ಮೇಲು? "ಎಣ್ಣೆ ಬದಲಿಸಿದೋನ ಗಾಡಿ ಮೇಲು" ಎಂದರು ಆ ಹಿರಿಯರು.

ಈಗ ನನ್ನ ಇಳಿಜಾರಿಗೆ ಬರೋಣ. ಎಂಜಿನ್ ನಿಮಿಷಕ್ಕೆ ಎರಡು ಸಾವಿರ ಸುತ್ತು ತಿರುಗುವಾಗ, ಮೇಲಿನ ಗೇರಿನಲ್ಲಿ ನಮ್ಮ ಹಿಂದಿನ ಚಕ್ರ ಸುಮಾರು ನೂರು ಸುತ್ತು ತಿರುಗುತ್ತದೆ. ಅಂದರೆ ಚಕ್ರದ ಒಂದು ಸುತ್ತಿಗೆ ಎಂಜಿನ್ನಿನ ಇಪ್ಪತ್ತು ಸುತ್ತು. ಅತಿ ಕೆಳಗಿನ ಗೇರಿನಲ್ಲಾದರೆ ಗಾಡಿ ಗಂಟೆಗೆ ಎರಡು ಕಿಲೋಮೀಟರಿನ ಆಸುಪಾಸು, ಮನುಷ್ಯ ನಡೆಯುವುದಕ್ಕಿಂತ ನಿಧಾನ. ಆಗ ಚಕ್ರದ ಒಂದು ಸುತ್ತಿಗೆ ಎಂಜಿನ್ ಇನ್ನೂರು ಸುತ್ತಿಗೂ ಮೇಲೆ ತಿರುಗಬೇಕು. ಇಳಿಜಾರಿನಲ್ಲಿ ಹೊರೆ ಹಿಂದಿನಿಂದ ನೂಕಿದರೆ ಈ ಲೆಕ್ಕ ತಿರುಗುಮುರುಗಾಗುತ್ತದೆ. ಚಕ್ರ ಒಂದು ಸುತ್ತು ಮುಂದೆ ಹೋಗಬೇಕಾದರೆ ಅಷ್ಟು ಸುತ್ತು ಎಂಜಿನ್ನನ್ನು ತಾನೇ ಎಳೆದು ತಿರುಗಿಸಬೇಕು. ಸಿಲಿಂಡರಿನ ಒಳಗೆ ಗಾಳಿ ಒತ್ತುವ, ಎಣ್ಣೆ ಕಡೆಯುವ ಎಲ್ಲ ಶ್ರಮವೂ ಗಾಡಿಯನ್ನು ಹಿಂದಕ್ಕೆ ಹಿಡಿಯುತ್ತದೆ. ಕೆಳಗಿನ ಗೇರಿನಲ್ಲಿ ಆ ಹಿಡಿತ ಹತ್ತು ಪಟ್ಟಿಗೂ ಹೆಚ್ಚು. ದೊಡ್ಡಪ್ಪ ಹೇಳಿದ 'ಹತ್ತುವಾಗಿನ ಗೇರೇ ಇಳಿಯುವಾಗಲೂ' ಎಂಬ ಮಾತಿನ ಗುಟ್ಟು ಇದು. ನ್ಯೂಟ್ರಲ್ ಮಾಡಿದ ಕ್ಷಣವೇ ನಾನು ಈ ಸರಪಳಿಯನ್ನು ನಡುವೆ ಕಡಿದುಹಾಕಿದ್ದೆ.

ಕಡಿದದ್ದನ್ನು ಮತ್ತೆ ಜೋಡಿಸಲು ಏಕೆ ಆಗಲಿಲ್ಲ? ಆ ಕಾಲದ ಪೆಟ್ಟಿಗೆಗಳಲ್ಲಿ ಹಲ್ಲುಗಾಲಿಯೇ ಜರುಗಿ ಇನ್ನೊಂದು ಹಲ್ಲುಗಾಲಿಯೊಳಗೆ ಸೇರಬೇಕು. ಎರಡೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ತಿರುಗುತ್ತಿದ್ದರೆ ಮಾತ್ರ ಸೇರುತ್ತವೆ. ಗಾಡಿ ಓಡುತ್ತಿರುವಾಗ ಒಂದು ಒಂದು ವೇಗ, ಇನ್ನೊಂದು ಇನ್ನೊಂದು ವೇಗ. ಹಲ್ಲಿಗೆ ಹಲ್ಲು ಹೊಡೆದು ಮುರಿಯುತ್ತದೆ. ಆದ್ದರಿಂದಲೇ ಮಾವ ಇಳಿಜಾರಿನ ತಲೆಯಲ್ಲಿ ಗಾಡಿ ನಿಲ್ಲಿಸಿ ಗೇರು ಹಾಕಿಕೊಂಡದ್ದು. ಈಗಿನ ಎಷ್ಟೋ ಟ್ರ್ಯಾಕ್ಟರುಗಳಲ್ಲಿ ಈ ತೊಂದರೆ ಕಡಿಮೆಯಾಗಿದೆ. ಎಣ್ಣೆಯಲ್ಲಿ ಮುಳುಗಿದ ಬ್ರೇಕುಗಳೂ ಬಂದಿವೆ. ಆದರೆ ಇಳಿಜಾರು ಹಾಗೆಯೇ ಇದೆ. ಎರಡು ಟನ್ನಿನ ಹೊರೆಯೂ ಹಾಗೆಯೇ ನೂಕುತ್ತದೆ.

ಮಕ್ಕಳೇ, ಓಟದ ಆಸೆ ನನ್ನೊಬ್ಬನದೇ ಅಲ್ಲ. 1933ರಲ್ಲಿ ಅಮೆರಿಕದ ಬಾರ್ನಿ ಓಲ್ಡ್‌ಫೀಲ್ಡ್ ಎಂಬ ಮೋಟಾರು ಪಂದ್ಯದ ವೀರ, ಅಲಿಸ್ ಚಾಮರ್ಸ್ ಕಂಪನಿಯ ಟ್ರ್ಯಾಕ್ಟರನ್ನು ಗಂಟೆಗೆ 64 ಮೈಲಿ ವೇಗದಲ್ಲಿ ಓಡಿಸಿದ. ಅದುವರೆಗೆ ಟ್ರ್ಯಾಕ್ಟರಿಗೆ ಕಬ್ಬಿಣದ ಚಕ್ರವೇ ಸಾಮಾನ್ಯ. ಹೊಸದಾಗಿ ಬಂದ ಗಾಳಿ ತುಂಬಿದ ರಬ್ಬರ್ ಟೈರನ್ನು ರೈತರು ನಂಬಲೆಂದು ಕಂಪನಿ ಹೂಡಿದ ಪ್ರದರ್ಶನ ಅದು. 2019ರಲ್ಲಿ ಇಂಗ್ಲೆಂಡಿನಲ್ಲಿ ಗೈ ಮಾರ್ಟಿನ್ ಎಂಬಾತ ಜೆ.ಸಿ.ಬಿ. ಕಂಪನಿಯ ವಿಶೇಷ ಟ್ರ್ಯಾಕ್ಟರೊಂದನ್ನು ಗಂಟೆಗೆ 217 ಕಿಲೋಮೀಟರಿನ ಮೇಲೆ ಓಡಿಸಿ ದಾಖಲೆ ಮಾಡಿದ. ಅವೆಲ್ಲ ವಿಮಾನ ಇಳಿಯುವ ಹಾದಿಯಂತಹ ಬಯಲಿನಲ್ಲಿ, ಅದಕ್ಕೆಂದೇ ಸಜ್ಜುಗೊಳಿಸಿದ ಯಂತ್ರಗಳಲ್ಲಿ, ಟ್ರೈಲರಿಲ್ಲದೆ, ಮಡ್‌ಗಾರ್ಡಿನ ಮೇಲೆ ತಮ್ಮನಿಲ್ಲದೆ ನಡೆದವು. ಟ್ರ್ಯಾಕ್ಟರಿನ ನಿಜವಾದ ಯೋಗ್ಯತೆಯನ್ನು ಅಳೆಯುವವರು ಮೊದಲು ಕೇಳುವುದು ಎಷ್ಟು ಎಳೆಯುತ್ತದೆ ಎಂದು. ನಮ್ಮ ದೇಶದಲ್ಲಿ ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸರ್ಕಾರದ ಸಂಸ್ಥೆಯಲ್ಲಿ ಟ್ರ್ಯಾಕ್ಟರುಗಳ ಎಳೆತ, ಎಣ್ಣೆಯ ಖರ್ಚು, ಬ್ರೇಕು ಎಲ್ಲವನ್ನೂ ಪರೀಕ್ಷಿಸುತ್ತಾರೆ.

ಗೇರು ಸರಿಮಾಡಿಸಲು, ತಮ್ಮನ ಚಿಕಿತ್ಸೆಗೆ ಅಪ್ಪ ಒಂದು ಜೊತೆ ಎತ್ತು ಮಾರಿದರು. ಆ ಎತ್ತುಗಳು ಸಂತೆಗೆ ಹೊರಟ ಬೆಳಗ್ಗೆ ಅಮ್ಮ ಹೊರಗೆ ಬರಲಿಲ್ಲ. ತಮ್ಮನ ಬಲಗೈ ಕೂಡಿಕೊಂಡಿತು, ಆದರೆ ಪೂರ್ತಿ ನೀಳವಾಗಲಿಲ್ಲ. ಅವನು ಎಡಗೈಯಲ್ಲಿ ಬರೆಯುವುದನ್ನು ಕಲಿತು, ಇದೇ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿದ. ಒಮ್ಮೆ ನಾನು ಅವನನ್ನು ಕೇಳಿದೆ, "ಅವತ್ತು ಯಾಕೋ ಸುಳ್ಳು ಹೇಳಿದೆ?" ಅವನು, "ನೀನು ಹೊಡೆಸಿಕೊಳ್ತೀಯ ಅಂತ" ಎಂದ. ಅಷ್ಟು ಚಿಕ್ಕವನು ನನ್ನನ್ನು ಉಳಿಸಲು ಹೊರಟಿದ್ದ. ನಾನೋ, ಅವನ ಸುಳ್ಳಿನ ಮರೆಯಲ್ಲಿ ಎರಡು ವಾರ ಅಡಗಿ ಕುಳಿತಿದ್ದೆ. ಮುರಿದ ಹಲ್ಲು ನಿಜ ಹೇಳಿದ ಮೇಲೆ ನಾನು ಹೇಳಿದೆ. ಈ ಒಂದು ನಾಚಿಕೆ ಮಾತ್ರ ಇಂದಿಗೂ ಹೋಗಿಲ್ಲ.

ಆ ಹಳೆಯ ಮ್ಯಾಸಿ ಇನ್ನೂ ನಮ್ಮ ಕೊಟ್ಟಿಗೆಯ ಪಕ್ಕದಲ್ಲಿದೆ. ಬಣ್ಣ ಮಾಸಿದೆ, ಉಳುಮೆಯನ್ನು ಹೊಸ ಗಾಡಿ ಮಾಡುತ್ತದೆ. ಅದನ್ನು ಓಡಿಸುವವನು ತಮ್ಮನೇ. ಹತ್ತುವ ಮೊದಲು ಬಗ್ಗಿ ಪೆಡಲಿನ ಕೊಂಡಿ ಮುಟ್ಟಿ ನೋಡುತ್ತಾನೆ. ಮಡ್‌ಗಾರ್ಡಿನ ಮೇಲೆ ಯಾರನ್ನೂ ಕೂರಿಸುವುದಿಲ್ಲ. ತನ್ನ ಮಗ ಅತ್ತರೂ ಸರಿ. ಇಳಿಜಾರಿನ ತಲೆಯಲ್ಲಿ ನಿಲ್ಲಿಸಿ, ಕೆಳಗಿನ ಗೇರು ಹಾಕಿ, ಹೊರಡುತ್ತಾನೆ.

ಅಂದು ಗುಮಟಾಪುರದಲ್ಲಿ ನನ್ನನ್ನು ಪ್ರಶ್ನೆ ಕೇಳಿದ ಹುಡುಗನಿಗೆ ನಾನು, "ಎರಡೂ ಗಂಟೆಗೆ ಇಪ್ಪತ್ತೆರಡು ಇಪ್ಪತ್ಮೂರು ಓಡುತ್ತವೆ ಮಗು. ನಾನೇ ಅಳೆದಿದ್ದೇನೆ" ಎಂದೆ. ಅವನ ಮುಖ ಸಪ್ಪಗಾಯಿತು. "ಅಷ್ಟೇನಾ ಸಾರ್?" ಎಂದ. ಅಷ್ಟರಲ್ಲಿ ತಮ್ಮ ಸಗಣಿ ತುಂಬಿದ ಟ್ರೈಲರನ್ನು ಇಳಿಜಾರಿನಲ್ಲಿ ಆಳಿನ ನಡಿಗೆಗಿಂತ ನಿಧಾನವಾಗಿ ಇಳಿಸಿಕೊಂಡು ಬರುತ್ತಿದ್ದ. ಮುಂದೆ ತಮಟೆ, ಸುತ್ತಲೂ ಮಕ್ಕಳು. ನಾನು ಆ ಹುಡುಗನಿಗೆ ಅದನ್ನು ತೋರಿಸಿ, ಪಕ್ಕದ ಕಲ್ಲಿನ ಮೇಲೆ ಕೂರಿಸಿಕೊಂಡು, ಇಲ್ಲಿ ಬರೆದದ್ದನ್ನೆಲ್ಲ ಹೇಳಿದೆ.

ವಿದ್ಯಾರ್ಥಿಗಳೇ, ಯಂತ್ರವನ್ನು ಪ್ರೀತಿಸಿ. ಅದರ ಹಲ್ಲುಗಳನ್ನು ಎಣಿಸಿ, ಚಕ್ರವನ್ನು ಅಳೆಯಿರಿ, ಲೆಕ್ಕ ಹಾಕಿ. ಇದಕ್ಕಿಂತ ಒಳ್ಳೆಯ ವಿಜ್ಞಾನದ ಪಾಠ ಸಿಗಲಾರದು. ಆದರೆ ಲೈಸೆನ್ಸು ಬರುವವರೆಗೆ ರಸ್ತೆಯಲ್ಲಿ ಅದರ ಸ್ಟೀರಿಂಗ್ ಹಿಡಿಯಬೇಡಿ. ಪೋಷಕರೇ, 'ಇನ್ನೆರಡೇ ಮೈಲಿ ತಾನೇ' ಎಂದು ಮಕ್ಕಳ ಕೈಗೆ ಕೊಡಬೇಡಿ. ನಮ್ಮ ಮನೆಯಲ್ಲಿ ಆ ಎರಡು ಮೈಲಿಗೆ ಒಂದು ಜೊತೆ ಎತ್ತೂ ಒಂದು ಕೈಯೂ ಹೋದವು.